ಕೊನೆಯ ಅಂಕ ಬದಲಾದ ಸಂಕ್ರಾಂತಿ

ಹೋದ ತಿಂಗಳು ಮೊಮ್ಮಗಳ ಮದುವೆ ಸೀರೆಗೆಂದು ಕೊಳ್ಳೇಗಾಲಕ್ಕೆ ಹೋಗಿದ್ದೆವು. ಹೆಂಗಸರು ಅಂಗಡಿಯಲ್ಲಿ ಜಮಖಾನದ ಮೇಲೆ ಕೂತು ಒಂದಾದ ಮೇಲೊಂದು ಸೀರೆ ಬಿಚ್ಚಿಸುತ್ತಿದ್ದರು. ಸಂಜೆಯೊಳಗೆ ತೀರ್ಮಾನವಾಗುವ ಲಕ್ಷಣ ಕಾಣದೆ ನಾನು ಮೆಲ್ಲಗೆ ಎದ್ದು ಹೊರಗೆ ಬಂದೆ. ಊರು ಗುರುತೇ ಸಿಗಲಿಲ್ಲ. ನಾನು ಇಡ್ಲಿ ತಿನ್ನುತ್ತಿದ್ದ ಹೋಟೆಲಿನ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಸುಮ್ಮನೆ ಕಾಲು ಎಳೆದ ಕಡೆ ನಡೆದೆ. ಒಂದು ಹಿಂದಿನ ಬೀದಿಯಲ್ಲಿ ಯಾರೋ ರೇಷ್ಮೆ ನೂಲನ್ನು ಸೋಪು ಸೋಡಾ ಹಾಕಿದ ನೀರಿನಲ್ಲಿ ಬೇಯಿಸುತ್ತಿದ್ದರು. ಬಣ್ಣಕ್ಕೆ ಹಾಕುವ ಮುಂಚೆ ನೂಲಿನ ಅಂಟು ಬಿಡಿಸಲು ಹೀಗೆ ಬೇಯಿಸುತ್ತಾರೆ. ಅದೇನೂ ಸುವಾಸನೆಯಲ್ಲ, ಮೂಗು ಮುಚ್ಚಿಕೊಂಡು ಹೋಗುವವರೇ ಹೆಚ್ಚು. ಆದರೆ ಆ ಹಬೆ ಮುಖಕ್ಕೆ ಬಡಿದದ್ದೇ ನನಗೆ ಮುಂದೆ ಹೋಗಲಾಗಲಿಲ್ಲ. ಅಲ್ಲೇ ಒಂದು ಚರಂಡಿ ಕಲ್ಲಿನ ಮೇಲೆ ಕೂತುಬಿಟ್ಟೆ. ಮನೆಯವಳು ಫೋನು ಮಾಡಿ "ಎಲ್ಲಿ ಹಾಳಾಗಿ ಹೋದ್ರಿ?" ಎನ್ನುವವರೆಗೂ ಏಳಲಿಲ್ಲ.

ಬಾಂಗ್ಲಾ ಯುದ್ಧ ನಡೆದ ಚಳಿಗಾಲ ನಾನು ಆ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ತಿಪಟೂರು ಕಡೆಯವನು, ಮದುವೆಯಾಗಿರಲಿಲ್ಲ, ಬಿ.ಎ. ಬಿ.ಎಡ್. ಮಾಡಿದ ಕೊಬ್ಬು ಇನ್ನೂ ಇಳಿದಿರಲಿಲ್ಲ. ಇದೇ ನೂಲಿನ ಹಬೆ ತುಂಬಿದ್ದ ನೇಕಾರರ ಬೀದಿಯಲ್ಲಿ ಚೌಡಪ್ಪನವರ ಮನೆಯ ಹೊರಕೋಣೆ ಬಾಡಿಗೆಗೆ ಸಿಕ್ಕಿತ್ತು. ಗೋಡೆಯ ಆ ಕಡೆಗೇ ಅವರ ಮಗ್ಗ. ಬೆಳಗ್ಗೆ ಕಣ್ಣು ಬಿಡುವ ಮುಂಚೆಯೇ ಲಾಳಿ ಓಡಾಡುವ ಸದ್ದು ಕೇಳುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತಿತ್ತು. ಮನೆಯಲ್ಲಿ ಇದ್ದವರು ಇಬ್ಬರೇ, ಚೌಡಪ್ಪ ಮತ್ತು ಅವರ ಸೊಸೆ ರತ್ನಮ್ಮ. ಚೌಡಪ್ಪನವರ ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಒಬ್ಬನೇ ಮಗ ನಾಗರಾಜ ಮಿಲಿಟರಿಯಲ್ಲಿ ಲಾರಿ ಡ್ರೈವರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಜೀವಮಾನ ಕಳೆಯುವುದು ನನ್ನಿಂದಾಗದು ಎಂದು ಅಪ್ಪನ ಹತ್ತಿರ ಜಗಳವಾಡಿ ಮೈಸೂರಿಗೆ ಹೋಗಿ ಸೇರಿದವನಂತೆ. ಮದುವೆಯಾದ ಮೇಲೆ ಒಂದೇ ಸಲ ರಜಕ್ಕೆ ಬಂದಿದ್ದ. ನಾನು ಅವನನ್ನು ನೋಡಿದ್ದು ಪಡಸಾಲೆಯ ಗೋಡೆಯ ಫೋಟೋದಲ್ಲಿ ಮಾತ್ರ. ನಗಬಾರದು ಎಂದು ಫೋಟೋದವನು ಹೇಳಿರಬೇಕು, ತುಟಿ ಬಿಗಿಹಿಡಿದು ಕಷ್ಟಪಡುತ್ತಿದ್ದ ಮುಖ.

ನನ್ನ ತಲೆಗೆ ನಾಟಕದ ಹುಳ ಬಿಟ್ಟವನು ಹಾರ್ಮೋನಿಯಂ ಮಾದೇವಪ್ಪ. ಮಾಂಬಳ್ಳಿಯವನು. ಹುಡುಗನಾಗಿದ್ದಾಗಿನಿಂದ ಒಂದು ನಾಟಕ ಕಂಪನಿಯಲ್ಲಿ ಬೆಳೆದು, ಆ ಕಂಪನಿ ಯಳಂದೂರಿನಲ್ಲಿ ಕ್ಯಾಂಪು ಹಾಕಿದ್ದಾಗ ಮುಳುಗಿಹೋದ ಮೇಲೆ ಹಳ್ಳಿಹಳ್ಳಿಗೆ ಹೋಗಿ ಪೌರಾಣಿಕ ನಾಟಕ ಕಲಿಸಿಕೊಂಡು ಬದುಕುತ್ತಿದ್ದ. ಚೌಡಪ್ಪನಿಗೆ ಹಾಡೆಂದರೆ ಪ್ರಾಣ, ಹಾಗಾಗಿ ಊರಿಗೆ ಬಂದಾಗಲೆಲ್ಲ ಆ ಮನೆಯಲ್ಲಿ ಮಾದೇವಪ್ಪನಿಗೆ ಒಂದು ಊಟ ಖಾಯಂ. ಒಂದು ದಿನ ಊಟ ಮುಗಿಸಿ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ಕೂತ.

"ಯಾವೂರ್ಗೋದ್ರೂ ಅದೇ ಕೌರವ, ಅದೇ ಗದೆ. ಬೇಸತ್ತೋಯ್ತು ಸಾ. ಇಲ್ಲಾಂದ್ರೆ ಸಿನಿಮಾ ಮಟ್ಟು ಆಕ್ಕೊಡು ಅಂತಾರೆ. ಸಾಯೋದ್ರೊಳ್ಗೆ ಒಂದು ಒಸಾ ನಾಟ್ಕ ಮಾಡ್ಬೇಕು, ಮಟ್ಟೆಲ್ಲ ನನ್ದೇ ಇರ್ಬೇಕು. ನಿಮ್ಮಂತ ಓದ್ದೋರು ಬರ್ಕೊಡಿ. ಈಗ ಲಡಾಯಿ ಮಾತೇ ಎಲ್ಲೆಲ್ಲೂ. ಒಬ್ಬ ಸಿಪಾಯಿ, ಒಂದು ಎಣ್ಣು, ಇಪ್ಪತ್ತು ಪದ. ಸಾಕು."

ಹೊಗಳಿಕೆಗೆ ಬೀಳದ ಮೇಷ್ಟ್ರು ಇನ್ನೂ ಹುಟ್ಟಿಲ್ಲ. ನಾನು ಬರೆದೆ. ಹೆಸರು 'ಗಡಿಯಲ್ಲಿ ಮೂಡಿದ ಚಂದ್ರ'. ನಾಯಕ ಯುದ್ಧಕ್ಕೆ ಹೋಗುತ್ತಾನೆ, ನಾಯಕಿ ಕಾಯುತ್ತಾಳೆ, ಖಳ ಸುಳ್ಳು ಹೇಳುತ್ತಾನೆ, ನಾಯಕ ಗೆದ್ದು ಬರುತ್ತಾನೆ, ಮಂಗಳ. ಕತೆ ನಾಗರಾಜ ರತ್ನಮ್ಮರದ್ದೇ ಎಂದು ಬೀದಿಯಲ್ಲಿ ಆಡಿಕೊಂಡರು. ನಾನು ಇಲ್ಲವೆಂದೆ, ಆದರೆ ನಾಯಕನನ್ನು ಲಾರಿ ಓಡಿಸುವವನನ್ನಾಗಿ ಮಾಡಿದ್ದವನು ನಾನೇ. ಮೊದಲ ಪದಕ್ಕೆ 'ಅಂಬರಾಂಗಣದ ಶಶಾಂಕ ಬಿಂಬವೆ' ಎಂದು ಶುರುಮಾಡಿ ಬಹಳ ಹೆಮ್ಮೆಯಿಂದ ಓದಿ ಹೇಳಿದೆ. ಮಾದೇವಪ್ಪ ಬೆರಳು ಎತ್ತಿ ಹಾರ್ಮೋನಿಯಂ ಮುಚ್ಚಿದ.

"ಇದ್ರಲ್ಲಿ ಉಸ್ರು ಎಲ್ಲಿ ಬುಡದು ಸಾ? ಪಾತ್ರದೋನು ಶಶಾಂಕ ಅನ್ನಷ್ಟ್ರಲ್ಲೇ ಸತ್ತೋಯ್ತಾನೆ, ಪಾಕಿಸ್ತಾನ್ದೋರೇ ಬೇಕಾಗಿಲ್ಲ."

ಒಳಗೆ ನೂಲು ಸುತ್ತುತ್ತಿದ್ದ ರತ್ನಮ್ಮ ನಕ್ಕಿದ್ದು ಕೇಳಿಸಿತು. ನನಗೆ ಅವಮಾನವಾಯಿತು. ಆಮೇಲೆ ಬರೆದ ಪದಗಳೆಲ್ಲ ಚಿಕ್ಕವು, ಅವೇ ಚೆನ್ನಾಗಿದ್ದವು ಎಂದು ಈಗಲೂ ಒಪ್ಪಿಕೊಳ್ಳಬೇಕು.

ನಾಯಕನ ಪಾತ್ರ ಶಾಗ್ಯದ ಬಸವರಾಜುವಿನದು. ಹೊಲ ಗದ್ದೆ ಉಳ್ಳ ಮನೆಯವನು. ನಮ್ಮ ಕಡೆ ನಾಟಕದ ಖರ್ಚು ಯಾರು ಹೊರುತ್ತಾರೋ ಅವರಿಗೇ ನಾಯಕನ ಪಾತ್ರ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಹುಡುಗನಿಗೆ ನಿಜವಾಗಿಯೂ ಕಂಠವಿತ್ತು. ಮೋಟರ್ ಸೈಕಲ್ಲಿನಲ್ಲಿ ಬಂದು, ಬೂಟು ಹೊರಗೆ ಬಿಟ್ಟು, ಚೌಡಪ್ಪನ ಕಾಲು ಮುಟ್ಟಿ ಒಳಗೆ ಬರುತ್ತಿದ್ದ. ನಾಯಕಿಯ ಪಾತ್ರಕ್ಕೆ ಮೈಸೂರಿನ ಸರೋಜ ಎಂಬಾಕೆಯನ್ನು ಗೊತ್ತುಮಾಡಿದ್ದರು. ಅಂಥವರು ಬರುವುದು ಕೊನೆಯ ಎರಡು ಮೂರು ದಿನಕ್ಕೆ. ಅಲ್ಲಿಯವರೆಗೆ ಅಭ್ಯಾಸದಲ್ಲಿ ನಾಯಕಿಯ ಪದಗಳನ್ನೆಲ್ಲ ಮಾದೇವಪ್ಪನೇ ಹಾಡುತ್ತಿದ್ದ, ಬಾಯಲ್ಲಿ ಎಲೆಯಡಿಕೆ, ಗಲ್ಲದಲ್ಲಿ ವಾರದ ಗಡ್ಡ. ಬಸವರಾಜು ಅವನ ಕಡೆ ನೋಡುತ್ತ "ಪ್ರಿಯೇ" ಎನ್ನಬೇಕಾಗಿತ್ತು. ಪಾಪ, ಆ ಕಷ್ಟದಿಂದಲೇ ಅವನಿಗೆ ನಟನೆ ಬಂದಿರಬೇಕು.

ಅಭ್ಯಾಸ ನಡೆಯುತ್ತಿದ್ದದ್ದು ಚೌಡಪ್ಪನ ಪಡಸಾಲೆಯಲ್ಲಿ, ಮಗ್ಗ ನಿಂತ ಮೇಲೆ. ಹೀಗಾಗಿ ಇಡೀ ನಾಟಕ ರತ್ನಮ್ಮನಿಗೆ ಬಾಯಿಪಾಠವಾಯಿತು. ಅವಳು ನಮ್ಮ ಮುಂದೆ ಬರುತ್ತಿರಲಿಲ್ಲ, ಒಳಬಾಗಿಲ ಪಕ್ಕ ರಾಟೆ ಇಟ್ಟುಕೊಂಡು ಕೂರುತ್ತಿದ್ದಳು. ನಾವು ಮಾತು ಮರೆತಾಗ ಅಲ್ಲಿಂದ ಮೆಲ್ಲಗೆ ಮುಂದಿನ ಸಾಲು ಕೇಳಿಬರುತ್ತಿತ್ತು.

ಪರದೆಗಳನ್ನು ತರಲು ನಾನೂ ಮಾದೇವಪ್ಪನೂ ಯಳಂದೂರಿಗೆ ಹೋದೆವು. ಮಾಗಿಯ ಚಳಿ ಬೇಗ ಶುರುವಾಗಿತ್ತು, ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ದಾರಿಯುದ್ದಕ್ಕೂ ಕೊಯ್ಲಾದ ಗದ್ದೆಯಲ್ಲಿ ಮಂಜು ನಿಂತಿತ್ತು. ಮುಳುಗಿದ ಕಂಪನಿಯ ಸಾಮಾನು ಅಲ್ಲಿ ಒಂದು ಅಕ್ಕಿ ಗಿರಣಿಯ ಮೂಲೆಯಲ್ಲಿ ಬಿದ್ದಿತ್ತು. ಮಾದೇವಪ್ಪ ಪೆಟ್ಟಿಗೆ ತೆಗೆದು ಪರದೆಗಳನ್ನು ಒಂದೊಂದಾಗಿ ಬಿಡಿಸಿದ. ಅರಮನೆಯನ್ನು ಇಲಿ ತಿಂದಿತ್ತು. ಬೀದಿ ಪರದೆ ನೆನೆದು ಕೊಳೆತಿತ್ತು. ಕಾಡು ಮಾತ್ರ ಉಳಿದಿತ್ತು. ತಾನು ಹದಿನೈದನೇ ವಯಸ್ಸಿನಿಂದ ನೋಡಿದ ಆ ಬಟ್ಟೆಗಳನ್ನು ಅವನು ಹೆಂಡತಿಯ ಸೀರೆ ಮಡಿಸುವ ಹಾಗೆ ಮಡಿಸಿ ಪೆಟ್ಟಿಗೆಗೆ ಹಾಕಿದ. "ಇರೋ ಕಾಡ್ನೇ ಗಡಿ ಮಾಡಾಣ ಬುಡಿ" ಎಂದ. ಲಾರಿಗಳಿಗೆ ಬೋರ್ಡು ಬರೆಯುವವನೊಬ್ಬ ಕಾಡಿನ ಹಿಂದೆ ಸಾಲಾಗಿ ಹಿಮದ ಬೆಟ್ಟ ಬರೆದುಕೊಟ್ಟ. ಗಡಿಯೆಂದರೆ ನಮಗೆಲ್ಲ ಹಿಮದ ಬೆಟ್ಟವೇ.

ರತ್ನಮ್ಮ ಅದನ್ನು ನೋಡಿ ಚೌಡಪ್ಪನ ಮೂಲಕ ಹೇಳಿ ಕಳಿಸಿದಳು: "ಅಲ್ಲಿ ಬೆಟ್ಟ ಇಲ್ವಂತೆ. ಬರೀ ನೀರಂತೆ, ಕೆಸ್ರಂತೆ, ನಮ್ಮ ಮಾಂಬಳ್ಳಿ ಗದ್ದೆ ಇದ್ದಂಗೆ ಅದಂತೆ. ಅವ್ರು ಬರ್ದಿದ್ರು." ಬಣ್ಣ ಒಣಗಿಹೋಗಿತ್ತು, ಯಾರೂ ಬದಲಾಯಿಸಲಿಲ್ಲ.

ಡಿಸೆಂಬರಿನಲ್ಲಿ ಯುದ್ಧ ನಿಜವಾಗಿ ಶುರುವಾಯಿತು. ಅಲ್ಲಿಯವರೆಗೆ ನಮಗೆ ಅದು ನಾಟಕದ ವಸ್ತು. ಈಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ರೇಡಿಯೋ ಮುಂದೆ ಜನ ಕಾಫಿ ಆರುವುದನ್ನೂ ಮರೆತು ನಿಲ್ಲುತ್ತಿದ್ದರು. ನಾಗರಾಜನ ಕಾಗದ ನಿಂತುಹೋಯಿತು. ಚೌಡಪ್ಪ ಎಂದಿನಂತೆ ಮಗ್ಗಕ್ಕೆ ಕೂರುತ್ತಿದ್ದರು, ಆದರೆ ನಡುನಡುವೆ ಲಾಳಿಯ ಸದ್ದು ನಿಲ್ಲುತ್ತಿತ್ತು. ಗೋಡೆಯ ಈ ಕಡೆ ನಾನು ಅದು ಮತ್ತೆ ಶುರುವಾಗುವುದನ್ನೇ ಕಾಯುತ್ತಿದ್ದೆ.

ಒಂದು ಸಂಜೆ ಕೊನೆಯ ದೃಶ್ಯದ ಅಭ್ಯಾಸ. ಬಸವರಾಜು ಗೆದ್ದು ಬಂದು, ಮಾದೇವಪ್ಪನ ಕೈ ಹಿಡಿದು ಯುಗಳಗೀತೆ ಎತ್ತಿಕೊಂಡಿದ್ದ. ರಾಟೆ ನಿಂತಿತು. ರತ್ನಮ್ಮ ಬಾಗಿಲಿಗೆ ಬಂದು ನಿಂತಳು. ಗಂಡಸರ ಎದುರಿಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಮೇಷ್ಟ್ರೆ, ಕೊನೇಲಿ ಅವ್ನು ಸಾಯ್ಲಿ."

ಚೌಡಪ್ಪ ಗದರಿದರು. "ಏನ್ ಮಾತವ್ವ ಅದು, ಬುಡ್ತು ಅನ್ನು."

"ನೀವೇ ಯೋಳಿದ್ರಲ್ಲ ಮಾವ, ಚಿಕ್ಕುಡ್ಗ ಆಗಿದ್ದಾಗ ಅವ್ರ ತಲೆ ಮ್ಯಾಲೆ ಕಾಗೆ ಕೂತಿದ್ದು? ಆಗ ಏನ್ ಮಾಡುದ್ರಿ?"

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತೆಂದು ನಮ್ಮವರು ಹೆದರುತ್ತಾರೆ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವನು ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ನೆಂಟರು ನಿಜವೆಂದು ನಂಬಿ ಅತ್ತರೆ ಆ ಸಾವು ಅಲ್ಲಿಗೆ ತೀರಿತು, ಅವನಿಗೆ ಆಯಸ್ಸು ಗಟ್ಟಿ. ನಾಗರಾಜನಿಗೆ ಹೀಗಾದಾಗ ಅವನ ತಾಯಿ ಮಾಂಬಳ್ಳಿಯಲ್ಲಿದ್ದ ತಂಗಿಗೆ ಹೇಳಿಕಳಿಸಿದ್ದರಂತೆ. ಚಿಕ್ಕಮ್ಮ ಎದೆ ಬಡಿದುಕೊಂಡು ದಾರಿಯುದ್ದ ಅಳುತ್ತ ಬಂದರೆ ಹುಡುಗ ಜಗಲಿಯಲ್ಲಿ ಕೂತು ಕಬ್ಬು ಜಗಿಯುತ್ತಿದ್ದನಂತೆ. ಮೊದಲು ಎರಡು ಬಾರಿಸಿ ಆಮೇಲೆ ಎತ್ತಿಕೊಂಡು ಮುದ್ದಾಡಿದಳಂತೆ.

"ನಾಟ್ಕದಲ್ಲಿ ಸಾಯ್ಲಿ" ಎಂದಳು ರತ್ನಮ್ಮ. "ಊರಿಗೂರೇ ಕೂತು ಅಳ್ಲಿ. ಅಳೋ ಪಾಲೆಲ್ಲ ಅಲ್ಲೇ ಮುಗ್ದೋಗ್ಲಿ."

ನಾನು ಓದಿದವನು, ಇಂಥದನ್ನೆಲ್ಲ ನಂಬಬಾರದವನು. ಆದರೆ ಆ ಹೆಣ್ಣುಮಗಳ ಮುಖ ನೋಡಿದ ಮೇಲೆ ನನ್ನ ಓದು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾದೇವಪ್ಪನಂತೂ ಅವಳ ಮಾತು ಮುಗಿಯುವ ಮುಂಚೆಯೇ ಒಪ್ಪಿದ್ದ. ಬಸವರಾಜುವಿಗೆ ಕುಣಿದಾಡುವಷ್ಟು ಖುಷಿ. ಕಂಪನಿ ನಾಟಕಗಳಲ್ಲಿ ಸಾಯುವ ನಾಯಕನಿಗೆ ಕಾಲು ಗಂಟೆಯ ಪದ ಇರುತ್ತದೆ, ಒನ್ಸ್ ಮೋರ್ ಬಿದ್ದರೆ ಎದ್ದು ಮತ್ತೊಮ್ಮೆ ಸಾಯಬಹುದು. "ಸಾಯೋದ್ರಲ್ಲೇ ಕಣ್ರಿ ಮಜಾ ಇರೋದು" ಎಂದು ಅಂದಿನಿಂದಲೇ ಬೀಳುವುದನ್ನು ಅಭ್ಯಾಸ ಮಾಡಿ ಮೊಣಕೈ ತರಚಿಕೊಂಡ.

ಸಾಯುವ ಪದವನ್ನು ನಾನು ಒಂದೇ ಏಟಿಗೆ ಬರೆದೆ.

ಒಲೆಯ ಮುಂದೆ ಕೂತವಳೆ, ಎದ್ದು ಬಾಗಿಲು ತೆಗೆಯಬೇಡ,
ಗಾಳಿ ಬಡಿದ ಸದ್ದು ಅದು, ನಾನು ಅಲ್ಲ, ನಾನು ಅಲ್ಲ.

ಮಾದೇವಪ್ಪ ಅದಕ್ಕೆ ಮುಖಾರಿ ರಾಗದಲ್ಲಿ ಮಟ್ಟು ಕೂರಿಸಿದ. ತನ್ನ ಜೀವಮಾನದ ಮಟ್ಟು ಅದೇ ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಕ್ಕಪಕ್ಕದ ಮನೆಯವರು ಜಗಲಿಯಲ್ಲಿ ಬಂದು ಕೂತು ಕೇಳಿ ಮೂಗೊರೆಸಿಕೊಂಡು ಹೋಗುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ರತ್ನಮ್ಮ ನೀರಿನ ಚೊಂಬು ಕೊಡುತ್ತ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಇವತ್ತು ಯಾರಾದ್ರೂ ಅತ್ರಾ ಮೇಷ್ಟ್ರೆ?"

ಅತ್ತವರ ಹೆಸರು ಹೇಳಿದರೆ ಅವಳ ಮುಖ ಸ್ವಲ್ಪ ಹಗುರಾಗುತ್ತಿತ್ತು. ಒಂದು ದಿನ ಯಾರೂ ಅಳದಿದ್ದಾಗ ನಾನು ಸುಳ್ಳು ಹೇಳಿದೆ. ಮೂಲೆಮನೆ ಪುಟ್ಟಮ್ಮ ಬಿಕ್ಕಿ ಬಿಕ್ಕಿ ಅತ್ತಳು ಎಂದೆ.

ಯುದ್ಧ ಮುಗಿಯಿತು. ಊರು ಪಟಾಕಿ ಹೊಡೆಯಿತು, ನಮ್ಮ ಹೆಡ್ಮಾಸ್ಟರು ಅರ್ಧ ದಿನ ರಜ ಕೊಟ್ಟರು. ಹೆಚ್ಚು ದಿನ ಕಳೆಯುವುದರೊಳಗೆ ನಾಗರಾಜನ ಕಾರ್ಡೂ ಬಂತು, ಕ್ಷೇಮವಾಗಿದ್ದೇನೆ, ಶಿವರಾತ್ರಿ ಹೊತ್ತಿಗೆ ರಜ ಸಿಗಬಹುದು ಎಂದು. ಚೌಡಪ್ಪ ಬೀದಿಗೆಲ್ಲ ಸಜ್ಜಿಗೆ ಹಂಚಿದರು. ಅಂದು ಸಂಜೆ ನಾನೇ ಹೇಳಿದೆ, ಇನ್ನೇನು ಭಯವಿಲ್ಲವಲ್ಲ, ಹಳೆಯ ಕೊನೆಯನ್ನೇ ಆಡೋಣ, ನಾಯಕ ಬರಲಿ ಎಂದು. ಬಸವರಾಜು ಮೊಣಕೈ ತೋರಿಸಿ ಗೊಣಗಿದ. ರತ್ನಮ್ಮ ಒಪ್ಪಲಿಲ್ಲ.

"ಬ್ಯಾಡಿ. ಅವ್ರು ಬಂದು ಬಾಗ್ಲಲ್ಲಿ ನಿಲ್ಲೋಗಂಟ ಸಾಯ್ತಾನೇ ಇರ್ಲಿ."

ಹಾಗೆ ನಾಟಕದ ದಿನ ಗೊತ್ತಾಯಿತು, ಸಂಕ್ರಾಂತಿ ಕಳೆದ ಶುಕ್ರವಾರ. ಆ ವಾರದ ಸೋಮವಾರ, ನಾನು ಮಧ್ಯಾಹ್ನದ ಊಟಕ್ಕೆ ಕೋಣೆಗೆ ಬಂದಿದ್ದಾಗ, ಅಂಚೆಯವನು ತಂತಿ ತಂದ. ರತ್ನಮ್ಮ ಹಿಟ್ಟು ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ಚೌಡಪ್ಪ ಮಗ್ಗದಿಂದ ಏಳದೆ ನನ್ನನ್ನು ಕೂಗಿ ಕಾಗದ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಎರಡೇ ಸಾಲು. ಯುದ್ಧ ನಿಂತ ಮೇಲೆ, ಸಾಮಾನು ಸಾಗಿಸುತ್ತಿದ್ದಾಗ, ನೆಲದಲ್ಲಿ ಹೂತಿಟ್ಟಿದ್ದ ಸಿಡಿಮದ್ದಿನ ಮೇಲೆ ನಾಗರಾಜನ ಲಾರಿ ಹೋಗಿತ್ತು. ಅಂತ್ಯಕ್ರಿಯೆ ಅಲ್ಲೇ ಆಗಿತ್ತು.

ನಾನು ಕನ್ನಡದಲ್ಲಿ ಹೇಳಿದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ, ನೆನಪಿಗೆ ಬರದಿರಲಿ. ಚೌಡಪ್ಪನ ಕೈಯಲ್ಲಿ ಲಾಳಿ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಸ್ವಲ್ಪ ಹೊತ್ತು ಆ ಕೈಯಿಂದ ಈ ಕೈಗೆ ಬದಲಾಯಿಸಿದರು.

"ನಾಟ್ಕ ಸುಕ್ರವಾರ ಅಲ್ವಾ?" ಎಂದರು.

"ನಾಟಕ ಹಾಳಾಗಲಿ ಚೌಡಪ್ಪನವರೇ. ನಿಲ್ಲಿಸಿಬಿಡ್ತೀವಿ."

"ನಿಲ್ಸುದ್ರೆ ಅವ್ಳಿಗೆ ಗೊತ್ತಾಗೋಯ್ತದೆ. ಆಡಿ. ನಿಮ್ ನಾಟ್ಕ ನೋಡ್ಬೇಕು ಅಂತ ಆಸೆ ಇಟ್ಕಂಡದೆ ಎಣ್ಮಗ. ನೋಡ್ಲಿ. ಸನಿವಾರ ನಾನೇ ಯೋಳ್ತೀನಿ." ಆಮೇಲೆ ಲಾಳಿ ಎಸೆದರು. ನೂಲು ಕಿತ್ತುಹೋಯಿತು. ಅದನ್ನು ಗಂಟು ಹಾಕಲು ಬಾಗಿದವರು ತಲೆ ಎತ್ತಲೇ ಇಲ್ಲ. ರತ್ನಮ್ಮ ಹಿಟ್ಟಿನ ಡಬ್ಬ ಹೊತ್ತು ಒಳಗೆ ಬಂದು, ಮಿಲ್ಲಿನಲ್ಲಿ ಕರೆಂಟು ಹೋಗಿದ್ದ ಕತೆ ಹೇಳತೊಡಗಿದಳು. ನಾನು ಸ್ಕೂಲಿಗೆ ಹೊರಟುಹೋದೆ.

ಮಾರನೆಯ ದಿನ ಸ್ಕೂಲಿನ ಹುಣಸೆಮರದ ಕೆಳಗೆ ಮಾದೇವಪ್ಪನಿಗೂ ಬಸವರಾಜುವಿಗೂ ವಿಷಯ ಹೇಳಿದೆ. ಬಸವರಾಜು ಮೋಟರ್ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಮುಖ ಆ ಕಡೆ ಮಾಡಿದ. ಮಾದೇವಪ್ಪ ನೆಲದ ಮೇಲೆ ಕೂತ.

"ಇಷ್ಟ್ ದಿನ ಸುಳ್ಳು ಅಂತ ಬಾರುಸ್ದೆ ಸಾ. ಆ ಉಡ್ಗ ಉಳೀಲಿ ಅಂತ್ಲೇ ಬಾರುಸ್ದೆ. ಈಗ ಆ ಪದ ಎಂಗ್ ಬಾರಿಸ್ಲಿ? ಆ ಎಣ್ಮಗ ಮುಂದ್ಗಡೆ ಚಾಪೆ ಆಕ್ಕಂಡು ಕೂತಿರ್ತದೆ. ಗಂಡನ್ ಸಾವ ಅವ್ಳ್ ಮುಂದೇ ಆಡ್ಸಿ, ನಾನು ಅದ್ಕೆ ಸುರುತಿ ಕೊಡ್ಲಾ? ನನ್ ಕೈ ಏಳಲ್ಲ."

ಬಸವರಾಜು ಮುಖ ಈ ಕಡೆ ತಿರುಗಿಸಿ ಹೇಳಿದ: "ಹಳೇ ಕೊನೇನೇ ಆಡ್ಬುಡಾಣ ಕಣ್ರಿ. ನಾಟ್ಕದಲ್ಲಾದ್ರೂ ಬರ್ಲಿ."

ಮೂವರಿಗೂ ಅದು ಒಳ್ಳೆಯದೆನಿಸಿತು. ಇನ್ನು ಜನ್ಮಪೂರ್ತಿ ಅಳುವುದು ಇದ್ದೇ ಇದೆ, ಒಂದು ಸಲ ಗಂಡ ಮನೆಗೆ ಬರುವುದನ್ನು ಕಣ್ಣಾರೆ ಕಾಣಲಿ ಎಂದುಕೊಂಡೆವು. ನಾಟಕ ಆಡುವವರ ಬುದ್ಧಿಯೇ ಇಷ್ಟು. ನಮಗೆ ಕಾಣುವುದು ರಂಗದ ಮೇಲಿನದು ಮಾತ್ರ. ಅವಳಿಗೆ ಸಂತೋಷವಾಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನವನ್ನೂ ಪಟ್ಟೆವು. ಉಳಿದ ದಿನ ಅಭ್ಯಾಸವನ್ನು ಸರೋಜ ಬಂದಿದ್ದಾಳೆ, ಜಾಗ ಸಾಲದು ಎಂಬ ನೆಪ ಹೇಳಿ ಸ್ಕೂಲಿಗೆ ಸಾಗಿಸಿದೆವು.

ಆಮೇಲೆ ಯಾರ್ಯಾರು ಏನಾದರು ಎಂಬುದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ, ಹೇಳುವಂಥದ್ದು ಹೆಚ್ಚೇನಿಲ್ಲ. ಆ ನಾಟಕ ಎರಡನೇ ಸಲ ಎಲ್ಲೂ ಆಗಲಿಲ್ಲ. ಮುಖಾರಿಯ ಆ ಪದವನ್ನು ಒಂದು ಬೀದಿಯ ಜನ ಬಿಟ್ಟರೆ ಯಾರೂ ಕೇಳಲಿಲ್ಲ. ಬಸವರಾಜು ಮತ್ತೆ ಬಣ್ಣ ಹಚ್ಚಲಿಲ್ಲ. ಮಾದೇವಪ್ಪ ಮತ್ತೆ ಕೌರವನ ಗದೆಗೇ ಹೋದ, ಒಂದೆರಡು ವರ್ಷಕ್ಕೆ ಎದೆನೋವಿನಿಂದ ತೀರಿಕೊಂಡ ಎಂದು ಕೇಳಿದೆ. ನನಗೆ ಆ ಬೇಸಿಗೆಯಲ್ಲೇ ವರ್ಗವಾಯಿತು. ಚೌಡಪ್ಪನ ಮಗ್ಗ ನಿಂತದ್ದೂ, ರತ್ನಮ್ಮ ಹನೂರಿನ ತವರಿಗೆ ಹೋದದ್ದೂ ಯಾರೋ ಹೇಳಿದ್ದು. ಹುಡುಕಿಕೊಂಡು ಹೋಗುವ ಧೈರ್ಯ ನನಗೆ ಬರಲಿಲ್ಲ, ಹೋಗಿದ್ದರೂ ಕೊಡುವುದಕ್ಕೆ ನನ್ನ ಹತ್ತಿರ ಏನಿತ್ತು?

ಶುಕ್ರವಾರ ಜನ ಚೆನ್ನಾಗಿ ಸೇರಿದರು. ಕೊನೆಯ ದೃಶ್ಯದಲ್ಲಿ ಕರುಳು ಕಿತ್ತು ಬರುತ್ತದೆ ಎಂದು ಬೀದಿಯವರು ಮೊದಲೇ ಊರೆಲ್ಲ ಸಾರಿದ್ದರು. ಹೆಂಗಸರು ಸೆರಗು ಸಿದ್ಧಮಾಡಿಕೊಂಡೇ ಬಂದಿದ್ದರು. ರತ್ನಮ್ಮ ಹಬ್ಬಕ್ಕೆ ತೆಗೆದುಕೊಂಡಿದ್ದ ಹಸಿರು ಸೀರೆ ಉಟ್ಟು ಮುಂದುಗಡೆ ಕೂತಿದ್ದಳು. ಚೌಡಪ್ಪ ದೂರದಲ್ಲಿ, ಗಂಡಸರ ಕಡೆ, ಕಂಬಳಿ ಹೊದ್ದು ಒಂದು ಕಂಬಕ್ಕೆ ಒರಗಿದ್ದರು. ನಾನು ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಕೊಡುತ್ತಿದ್ದೆ. ಎಲ್ಲ ಸುಸೂತ್ರವಾಗಿ ಸಾಗಿತು. ಸರೋಜ ಚೆನ್ನಾಗಿ ಹಾಡಿದಳು, ಖಳನಿಗೆ ಬೈಗುಳ ಬಿತ್ತು. ಒಳ್ಳೆಯ ನಾಟಕ ಅದು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮೂರನೇ ಅಂಕ ಬಂತು. ಹಿಮದ ಬೆಟ್ಟದ ಪರದೆ ಮೇಲೆದ್ದು ಮನೆಯ ದೃಶ್ಯ ಬಂತು. ನಾಯಕಿ ಒಲೆಯ ಮುಂದೆ ಕೂತಿದ್ದಾಳೆ. ಬಾಗಿಲು ಬಡಿದ ಸದ್ದು. ಅವಳು ಎದ್ದು ಹೋಗಿ ತೆಗೆದಳು. ಯೂನಿಫಾರಂ ತೊಟ್ಟ ಬಸವರಾಜು ಹೊಸ್ತಿಲಲ್ಲಿ ನಿಂತಿದ್ದ.

ಒಂದು ಗಳಿಗೆ ಜನಕ್ಕೆ ಅರ್ಥವಾಗಲಿಲ್ಲ. ಆಮೇಲೆ ಬಿದ್ದ ಶಿಳ್ಳೆ, ಚಪ್ಪಾಳೆ ನಾನು ಮತ್ತೆಲ್ಲೂ ಕೇಳಿಲ್ಲ. ಅಳಲೆಂದು ಬಂದ ಹೆಂಗಸರೆಲ್ಲ ನಗತೊಡಗಿದರು. ಬಸವರಾಜು ಈಗ ನಗುತ್ತ "ಬಂದೆ" ಎನ್ನಬೇಕು. ಅವನ ಬಾಯಿಂದ ಮಾತು ಹೊರಡಲಿಲ್ಲ. ಗಲ್ಲದ ಬಣ್ಣದ ಮೇಲೆ ನೀರು ಇಳಿಯತೊಡಗಿತು. ನಾನು ಪರದೆಯ ಮರೆಯಿಂದ "ಬಂದೆ, ಬಂದೆ" ಎಂದು ಪಿಸುಗುಟ್ಟಿದೆ. ಸಂತೋಷಕ್ಕೆ ಅಳುತ್ತಿದ್ದಾನೆ ಎಂದು ಜನ ಇನ್ನಷ್ಟು ಚಪ್ಪಾಳೆ ಹೊಡೆದರು. ಪರದೆಯ ಸಂದಿಯಿಂದ ನಾನು ರತ್ನಮ್ಮನನ್ನು ನೋಡಿದೆ. ಅವಳು ಬಸವರಾಜುವನ್ನು ನೋಡುತ್ತಿರಲಿಲ್ಲ. ರಂಗದ ಕೆಳಗೆ ತಲೆ ಬಗ್ಗಿಸಿ ಹಾರ್ಮೋನಿಯಂ ಬಾರಿಸುತ್ತಿದ್ದ ಮಾದೇವಪ್ಪನನ್ನು ನೋಡುತ್ತಿದ್ದಳು. ಯುಗಳಗೀತೆ ಮುಗಿಯುವವರೆಗೂ, ಮಂಗಳ ಮುಗಿಯುವವರೆಗೂ, ಅವನ ಕಡೆಯೇ ನೋಡುತ್ತಿದ್ದಳು. ಮಾದೇವಪ್ಪ ತಲೆ ಎತ್ತಲಿಲ್ಲ.

ಬೆಳಕು ಹರಿದಿತ್ತು. ಜನ ಚಾಪೆ ಸುತ್ತಿಕೊಂಡು ಆಕಳಿಸುತ್ತ ಹೊರಟರು. ಮಾದೇವಪ್ಪ ಹಾರ್ಮೋನಿಯಂ ಪೆಟ್ಟಿಗೆಗೆ ಹಾಕುತ್ತಿದ್ದ, ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ. ರತ್ನಮ್ಮ ನಮ್ಮ ಹತ್ತಿರ ಬಂದಳು.

"ನಾಟ್ಕ ಚೆನ್ನಾಗಿತ್ತು ಮೇಷ್ಟ್ರೆ."

"ಯುದ್ಧ ಮುಗೀತಲ್ಲಮ್ಮ" ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. "ಜನಕ್ಕೆ ಒಳ್ಳೇದಾಗಿ ಮುಗಿಯಲಿ ಅಂತ..."

ಅವಳು ನನ್ನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

"ಸುದ್ದಿ ಯಾವತ್ತು ಬಂತು?"

ಮಾದೇವಪ್ಪ ಪೆಟ್ಟಿಗೆಯ ಕೊಂಡಿಯನ್ನೇ ನೋಡುತ್ತ ಹೇಳಿದ. "ಸೋಮವಾರ ಕಣವ್ವ."

ಅವಳು ಅಳಲಿಲ್ಲ. ಆ ದಿನಗಳನ್ನು ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದಳು ಎಂದು ಕಾಣುತ್ತದೆ.

"ಮಂಗಳವಾರ ಹೂವಿನೋಳತ್ರ ಜಗಳ ಆಡ್ದೆ. ಮೊಳ ಗಿಡ್ಡ ಅಳದ್ಲು ಅಂತ. ಮಾವ ಅಲ್ಲೇ ಜಗುಲಿ ಮ್ಯಾಲೆ ಕೂತಿದ್ರು." ಗಂಡಸರ ಕಡೆಯ ಕಂಬದತ್ತ ನೋಡಿ ಮತ್ತೆ ಹೇಳಿದಳು: "ಎಷ್ಟ್ ಒದ್ದಾಡಿದ್ರೋ ಪಾಪ. ನಂಗೆ ಎಂಗ್ ಯೋಳದು ಅಂತ."

ಮುಡಿದಿದ್ದ ಹೂವನ್ನು ತೆಗೆದಳು. ಎಲ್ಲಿ ಇಡಬೇಕೆಂದು ಸುತ್ತ ನೋಡಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಚೌಡಪ್ಪ ಇನ್ನೂ ಕಂಬಕ್ಕೆ ಒರಗಿ ಕೂತೇ ಇದ್ದರು, ಕಂಬಳಿಯಲ್ಲಿ ಮುಖ ಅರ್ಧ ಮುಚ್ಚಿತ್ತು. ಸೊಸೆ ತಮ್ಮ ಕಡೆಗೆ ಬರುವುದನ್ನು ಕಂಡು ಬಲವಂತವಾಗಿ ನಗುತ್ತ, "ಚೆಂದಾಗಿತ್ತೇನವ್ವ?" ಎಂದು ಕೇಳಿದರು. ಅವಳು ಬಗ್ಗಿ ಅವರ ರಟ್ಟೆ ಹಿಡಿದಳು.

"ಏಳಿ ಮಾವ. ಮನೇಗೋಗಿ ಇಬ್ರೂ ತಲೆ ಮ್ಯಾಲೆ ನೀರು ಉಯ್ಕಳಾಣ."